ದುಃಖಕ್ಕೆ ತಿದ್ದುಪಡಿ

ಅವನು ಬಿಟ್ಟುಹೋದ ಮೇಲೆ ನನಗೆ ಒಂದು ಸಾಲೂ ಬರೆಯಲಾಗಿರಲಿಲ್ಲ. ಅಳು ಬರುತ್ತಿತ್ತು, ಅದಿರಲಿ. ಬರವಣಿಗೆ ಬಾರದಿದ್ದದ್ದು ಮಾತ್ರ ನಿಜವಾಗಿ ಹೆದರಿಸಿತ್ತು. ಪ್ರೀತಿ ಹೋದರೆ ಇನ್ನೊಂದು ಸಿಕ್ಕೀತು, ಈ ವಯಸ್ಸಿನಲ್ಲಿ ಇನ್ನೊಂದು ಕಸುಬನ್ನು ಎಲ್ಲಿಂದ ಕಲಿಯಲಿ? ಅಕ್ಕ ಇಂದಿರಾನಗರದ ಒಂದು ವೆಲ್‌ನೆಸ್ ಶಿಬಿರಕ್ಕೆ ನನ್ನ ಹೆಸರು ಕೊಟ್ಟು ಬಂದಾಗ, ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ ಎಂದುಕೊಂಡು ಹೋದೆ.

ಹಳೆಯ ಬಂಗಲೆಯ ಮಹಡಿ. ಬಿಳಿ ಹಾಸು, ಊದುಬತ್ತಿಯ ಹೊಗೆ, ಅರಿಶಿನದ ಹಾಲಿಗೆ ಯಾವುದೋ ಇಂಗ್ಲಿಷ್ ಹೆಸರು. ನೆಗಡಿಯಾದಾಗ ಅಮ್ಮ ಮೂಗು ಹಿಡಿದು ಕುಡಿಸುತ್ತಿದ್ದುದನ್ನೇ ಇಲ್ಲಿ ಕಣ್ಣುಮುಚ್ಚಿ ಕೃತಜ್ಞತೆಯಿಂದ ಕುಡಿಯಬೇಕಿತ್ತು. ಕುಡಿದೆ.

ಮಧ್ಯಾಹ್ನದ ಅಭ್ಯಾಸ ಹೀಗಿತ್ತು: ಎದುರು ಕುಳಿತವರಿಗೆ ನಮ್ಮ ನೋವನ್ನು ಹೇಳುವುದು, ಗಂಟೆ ಬಾರಿಸಿದಾಗ ಜಾಗ ಬದಲಿಸಿ ಅದೇ ನೋವನ್ನು ಇನ್ನೊಬ್ಬರಿಗೆ ಹೇಳುವುದು. ಹೇಳಿ ಹೇಳಿ ಅದು ಸವೆಯುತ್ತದಂತೆ. ಮೊದಲ ಸಲ ಅಳುತ್ತಲೇ ಹೇಳಿದೆ: ಟಿನ್ ಫ್ಯಾಕ್ಟರಿಯ ಬಸ್ ಸ್ಟಾಪಿನಲ್ಲಿ, ಆ ಗಲಾಟೆಯ ನಡುವೆ, ಇಲ್ಲಿಗೆ ನಿಲ್ಲಿಸೋಣ ಎಂದು ಅವನು ಅಂದದ್ದು. ಎರಡನೆಯ ಸಲ ಅಳುವನ್ನು ಅರ್ಧಕ್ಕೆ ಕತ್ತರಿಸಿದೆ, ಉದ್ದವಾಗಿತ್ತು. ಮುಂದಿನ ಸಲ ಬಸ್ ಸ್ಟಾಪನ್ನೇ ತೆಗೆದು ಇಬ್ಬರನ್ನೂ ಹಲಸೂರು ಕೆರೆಯ ದಂಡೆಯ ಮೇಲೆ ನಿಲ್ಲಿಸಿದೆ. ಅವನಿಗೆ ಜನ್ಮದಲ್ಲಿ ಹೊಳೆಯದಂಥ ಒಂದು ಚೆಂದದ ಮಾತನ್ನೂ ಅವನ ಬಾಯಲ್ಲಿಟ್ಟೆ. ಎದುರಿಗಿದ್ದವರು ಕಣ್ಣೊರೆಸಿಕೊಂಡರು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಖುಷಿಯಾಯಿತು.

ಶಿಬಿರ ನಡೆಸುವಾಕೆ ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು. ಕತೆ ಕಟ್ಟಬೇಡಿ, ಅನುಭವಿಸಿ ಎಂದಳು. ಕತೆ ಕಟ್ಟದಿದ್ದರೆ ನನಗೆ ಯಾವ ಅನುಭವವೂ ಆಗುವುದಿಲ್ಲ ಎಂದೆ. ಆಕೆ ಮುಗುಳ್ನಕ್ಕು ಗಂಟೆ ಬಾರಿಸಿದಳು.

ಆಮೇಲೆ ಎದುರಿಗೆ ಬಂದು ಕುಳಿತವರು ಶಿವಾಜಿನಗರದ ಒಬ್ಬ ಹಿರಿಯ ಹೆಂಗಸು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಅವರ ಮನೆಯವರ ಬಟ್ಟೆ ಅಂಗಡಿಯಿತ್ತು. ಮಂಡಿನೋವು ಹೋಗುತ್ತದೆಂದು ಸೊಸೆ ಕರೆತಂದಿದ್ದಳಂತೆ. ಅವರಿಗೂ ಕೆರೆಯ ದಂಡೆಯದನ್ನೇ ಹೇಳಿದೆ. ಅವರು ಅಳಲಿಲ್ಲ.

"ಎಲ್ಲಾ ಸರಿ ಬೇಟಿ," ಎಂದರು. "ಅವನು ಹಂಗಂದ್ಮೇಲೆ ನೀನು ಮನೆಗೆ ಹೆಂಗೆ ಹೋದೆ?"

ಮಾನ ಹೋಗುತ್ತದೆಂದು ಇದನ್ನು ಯಾರಿಗೂ, ಅಕ್ಕನಿಗೂ ಹೇಳಿರಲಿಲ್ಲ. ಕೆರೆಯೆಲ್ಲ ಸುಳ್ಳು ಎಂದು ಒಪ್ಪಿಕೊಂಡು, ಟಿನ್ ಫ್ಯಾಕ್ಟರಿಯಿಂದಲೇ ಮತ್ತೆ ಶುರುಮಾಡಿದೆ. ಇಬ್ಬರ ಮನೆಯೂ ಪುಲಿಕೇಶಿನಗರದ ಕಡೆ. ಇಬ್ಬರೂ ಹತ್ತಬೇಕಾದದ್ದು ಶಿವಾಜಿನಗರದ ಅದೇ ಬಸ್ಸು. ಬಸ್ಸು ಬಂತು, ಜನ ನುಗ್ಗಿದರು. ಆಗತಾನೇ ನನ್ನನ್ನು ಬೇಡವೆಂದವನು ಬಸ್ಸಿನ ಪಕ್ಕ ಓಡಿ, ಇಷ್ಟು ವರ್ಷ ಮಾಡುತ್ತಿದ್ದಂತೆಯೇ, ಕಿಟಕಿಯೊಳಗೆ ತನ್ನ ಕರ್ಚೀಫು ಎಸೆದು ನನಗೆ ಸೀಟು ಹಿಡಿದ. ನಾನು ಹತ್ತಿ ಅದರಲ್ಲಿ ಕುಳಿತೆ. ಅವನು ದಾರಿಯುದ್ದಕ್ಕೂ ಪಕ್ಕದಲ್ಲಿ ನಿಂತಿದ್ದ. ಇಳಿಯುವಾಗ ಕರ್ಚೀಫು ವಾಪಸು ಕೊಟ್ಟೆ.

ಇದನ್ನು ಹೇಳುವಾಗ ಬಂದ ಅಳುವನ್ನು ತಿದ್ದಲಿಲ್ಲ. ಅವರು ನನ್ನ ಕೈ ಹಿಡಿದುಕೊಂಡರು. ಮತ್ತೆ ಗಂಟೆ ಬಾರಿಸಿದಾಗ ನಾನು ಇನ್ನೊಬ್ಬರ ಎದುರು ಹೋಗದೆ ಹೊರಗೆ ಬಂದೆ. ಚಪ್ಪಲಿ ಬಿಟ್ಟಿದ್ದ ಮೆಟ್ಟಿಲ ಮೇಲೆ ಕುಳಿತು ಫೋನಿನಲ್ಲೇ ಬರೆಯತೊಡಗಿದೆ. ಮೊದಲ ಸಾಲಿನಲ್ಲೇ ಅವನು ಕರ್ಚೀಫು ಎಸೆದ.