ಇಪ್ಪತ್ಮೂರನೇ ಬಾಟ್ಲಿ

ಗಂಡ ಸತ್ತು ನಾಲ್ಕು ತಿಂಗಳಾಗುತ್ತ ಬಂದರೂ ವಿರುಪಮ್ಮ ಎರಡು ದಿನಕ್ಕೊಮ್ಮೆ ಅವನಿಗೆ ಉಣ್ಣಿಸುತ್ತಿದ್ದಳು. ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ, ಕೇಳಿ. ಹೊಸಪೇಟೆಯ ಒಂದು ಹೃದಯದ ಆಸ್ಪತ್ರೆಯ ಲ್ಯಾಬಿನಲ್ಲಿ ಆಕೆಗೆ ಕೆಲಸ. ನೆಲ ಒರೆಸಬೇಕು, ಗಾಜು ತೊಳೆಯಬೇಕು, ಆಪರೇಷನ್ ಕೋಣೆಯಿಂದ ಐಸ್ ಡಬ್ಬಿ ತರಬೇಕು.

ಡಬ್ಬಿಯಲ್ಲಿರುತ್ತಿದ್ದದ್ದು ಮನುಷ್ಯರ ಹೃದಯದ ಚೂರು. ಆಪರೇಷನ್ನಿನಲ್ಲಿ ಹೃದಯಕ್ಕೆ ನಳಿಕೆ ಇಳಿಸುವಾಗ ಕಡಲೆಕಾಳಿನಷ್ಟು ಮಾಂಸ ಕತ್ತರಿಸುತ್ತಾರೆ, ಮೊದಲೆಲ್ಲ ಅದು ಕಸಕ್ಕೆ ಹೋಗುತ್ತಿತ್ತು. ಈಗ ಡಾಕ್ಟರ್ ಶ್ರೀಪ್ರಿಯಾ ರೋಗಿಯ ಒಪ್ಪಿಗೆ ಪಡೆದು, ಅದರ ಕಣಗಳನ್ನು ಚಪ್ಪಟೆ ಬಾಟ್ಲಿಗಳಲ್ಲಿ ಬೆಳೆಸಿ ಸ್ಟೆಮ್ ಸೆಲ್ ಹುಡುಕುತ್ತಿದ್ದಳು. ಅಂದರೆ, ಸತ್ತ ಮಾಂಸದ ಜಾಗದಲ್ಲಿ ಹೊಸ ಮಾಂಸ ಹುಟ್ಟಿಸಬಲ್ಲ ಮೂಲ ಕಣ. ದೊಡ್ಡವರ ಹೃದಯದಲ್ಲಿ ಅದು ಇದೆಯೋ ಇಲ್ಲವೋ ಅಂತಲೇ ಓದಿದವರಲ್ಲಿ ಜಗಳ.

"ಸಿಕ್ಕಾವೇನ್ರಿ ಮೇಡಂ?" ಅಂತ ವಿರುಪಮ್ಮ ಕೇಳುವಳು.

"ಇನ್ನೂ ಇಲ್ರಿ ವಿರುಪಮ್ಮ," ಅನ್ನುವಳು ಶ್ರೀಪ್ರಿಯಾ.

ಬಾಟ್ಲಿಗಳಿಗೆ ಹೆಸರಿಲ್ಲ, ನಂಬರು ಮಾತ್ರ. ಆದರೆ ಗಂಡ ಎರ್ರಿಯಪ್ಪನ ಆಪರೇಷನ್ನಿನ ದಿನ ಡಬ್ಬಿ ಹೊತ್ತು ತಂದವಳು ವಿರುಪಮ್ಮನೇ ಅಲ್ಲವೇ? ಅವನ ನಂಬರು ಇಪ್ಪತ್ಮೂರು. ಸಂಡೂರಿನ ಗಣಿಯಲ್ಲಿ ಟಿಪ್ಪರ್ ಓಡಿಸಿದ ಗಟ್ಟಿ ಆಳು, ಆಪರೇಷನ್ನಾದ ಹನ್ನೊಂದನೇ ದಿನಕ್ಕೆ ಹೋಗಿಯೇಬಿಟ್ಟ. ಅವನ ಊರು ಬಂಡ್ರಿಯಲ್ಲಿ ಮಣ್ಣು ಮಾಡಿ, ದಿನಕರ್ಮ ಮುಗಿಸಿ ಬಂದು ನೋಡಿದರೆ, ಲ್ಯಾಬಿನ ಬೆಚ್ಚನೆಯ ಪೆಟ್ಟಿಗೆಯಲ್ಲಿ ಇಪ್ಪತ್ಮೂರು ಆರಾಮಾಗಿ ಬೆಳೆಯುತ್ತಿತ್ತು.

ಮಕ್ಕಳಿಲ್ಲದ ಆಕೆಗೆ ಉಳಿದದ್ದು ಅದೊಂದೇ ಜೀವ. ಯಾರಿಗೂ ಹೇಳಲಿಲ್ಲ, ಹೇಳಿದರೆ ಕೆಲಸ ಬಿಡಿಸುತ್ತಾರೆಂಬ ಭಯ. ಎರಡು ದಿನಕ್ಕೊಮ್ಮೆ ಕಣಗಳಿಗೆ ಆಹಾರವಾಗಿ ಹಾಕುವ ಗುಲಾಬಿ ಬಣ್ಣದ ನೀರನ್ನು ಬೆಚ್ಚಗೆ ಮಾಡಿ ಕೊಡುವಾಗ, "ಉಣ್ರಿ," ಅಂತ ಬಾಯೊಳಗೇ ಅನ್ನುವಳು. ಸಂಜೆ ಮನೆಗೆ ಹೋದರೆ ಮಾತಾಡಿಸುವವರಿರಲಿಲ್ಲ.

ಆಯುಧಪೂಜೆ ಬಂತು. ನಮ್ಮ ಕಡೆ ಹೊಲಿಗೆ ಮಷೀನಿನಿಂದ ಹಿಡಿದು ಜೆಸಿಬಿವರೆಗೆ ಪೂಜೆ ಇಲ್ಲದ ಯಂತ್ರವೇ ಇಲ್ಲ. ರಜೆಗೆ ಹೊರಟ ಶ್ರೀಪ್ರಿಯಾ, "ಪೂಜಿ ಹೊರಗಷ್ಟೇ ಮಾಡ್ರಿ. ಪೆಟ್ಟಿಗಿ ತೆರಿಬ್ಯಾಡ್ರಿ," ಅಂತ ಹೇಳಿಯೇ ಹೋಗಿದ್ದಳು.

ವಿರುಪಮ್ಮ ಪೆಟ್ಟಿಗೆಯ ಬಾಗಿಲಿಗೆ ವಿಭೂತಿ ಎಳೆದಳು, ಕುಂಕುಮವಿಟ್ಟಳು. ಮನಸ್ಸು ಒಪ್ಪಲಿಲ್ಲ. ಎರ್ರಿಯಪ್ಪ ಪ್ರತಿ ವರ್ಷವೂ ಟಿಪ್ಪರಿನ ಬಾನೆಟ್ ಎತ್ತುತ್ತಿದ್ದ. "ಬಾಗ್ಲಿಗೆ ಹಚ್ಚಿದ್ರ ಅದು ಬಣ್ಣ ಕಣಲೇ. ಎಂಜಿನ್ನಿಗೆ ಮುಟ್ಟಿದ್ರ ಪೂಜಿ," ಅನ್ನುತ್ತಿದ್ದ. ಇವತ್ತು ಅವನೇ ಒಳಗಿದ್ದಾನೆ, ಅವನಿಗೆ ಬರೀ ಬಣ್ಣವೇ? ಪೆಟ್ಟಿಗೆ ತೆರೆದಳು. ಇಪ್ಪತ್ಮೂರಕ್ಕೆ ಕುಂಕುಮವಿಟ್ಟು, ಒಂದು ಚೆಂಡುಹೂವಿನ ಎಸಳು ಏರಿಸಿ ಕೈಮುಗಿದಳು.

ಹೂವು-ಕುಂಕುಮದ ಜೊತೆ ಒಳಹೊಕ್ಕ ಧೂಳಿಗೆ, ನಾಲ್ಕನೇ ದಿನಕ್ಕೆ ಬಾಟ್ಲಿಗಳೆಲ್ಲ ಹಳಸಿದ ಅನ್ನದ ಹಾಗೆ ಬೂಷ್ಟು ಹಿಡಿದಿದ್ದವು.

"ಯಾರು ತೆರೆದ್ರು?" ಅಂದಳು ರಜೆ ಮುಗಿಸಿ ಬಂದ ಶ್ರೀಪ್ರಿಯಾ.

"ನಾನ್ರೀ."

ಶ್ರೀಪ್ರಿಯಾಳ ಆರು ತಿಂಗಳ ದುಡಿಮೆ ನೀರುಪಾಲಾಗಿತ್ತು. ಆದರೂ ಬೈಯಲಿಲ್ಲ, ಬೈದಿದ್ದರೆ ವಾಸಿ ಇತ್ತು. ಕುರ್ಚಿಯಲ್ಲಿ ಕೂತು, "ಹೋಗ್ಲಿ ಬಿಡ್ರಿ. ನಾ ಹುಡುಕಿದ್ದು ಇವುಗಳಾಗ ಇರಲೇ ಇಲ್ಲ. ಬ್ಲೀಚ್ ಹಾಕಿ ಚೆಲ್ಲಿಬಿಡ್ರಿ. ಮುಂದಿನ ವಾರ ಹೊಸವು ಬರ್ತಾವ," ಅಂದಳು.

ವಿರುಪಮ್ಮ ಒಂದೊಂದಕ್ಕೇ ಬ್ಲೀಚ್ ಸುರಿದಳು. ಇಪ್ಪತ್ಮೂರನ್ನು ಕಡೆಗಿಟ್ಟುಕೊಂಡಿದ್ದಳು. ಅದನ್ನು ಬೇರೆಯವರ ಕೈಗೆ ಕೊಡಲಿಲ್ಲ. ಒಳಗಿನ ಗುಲಾಬಿ ಬಣ್ಣ ನೋಡನೋಡುತ್ತ ಬಿಳಿಚಿತು.

ಮನೆಗೆ ಬಂದವಳು ಹೊಸ್ತಿಲು ದಾಟಲಿಲ್ಲ. ಹಿತ್ತಲಿಗೇ ಹೋಗಿ, ಉಟ್ಟ ಸೀರೆಯಲ್ಲೇ ತಲೆಮೇಲೆ ಎರಡು ಕೊಡ ತಣ್ಣೀರು ಸುರಿದುಕೊಂಡಳು. ಪಕ್ಕದ ಮನೆಯ ಜಂಬಕ್ಕ ಗೋಡೆಯಾಚೆಯಿಂದ ಇಣುಕಿದಳು.

"ಯಾಕವ್ವಾ, ಈ ಹೊತ್ತಿನಾಗ ತಲಿಗೆ ನೀರು? ಯಾರು ಹೋದ್ರು?"

"ನಮ್ಮನಿಯವ್ರು."

ಎರ್ರಿಯಪ್ಪನ ಮಣ್ಣಿಗೆಂದು ಬಂಡ್ರಿಗೆ ಹೋಗಿಬಂದಿದ್ದ ಜಂಬಕ್ಕ ತಬ್ಬಿಬ್ಬಾದಳು. "ಅವ್ರು ಕಾರಹುಣ್ಣಿಮಿಗೇ ಹೋದ್ರಲ್ಲವ್ವಾ."

"ಇಲ್ಲ ಜಂಬಕ್ಕ," ಅಂದಳು ವಿರುಪಮ್ಮ, ಸೆರಗು ಹಿಂಡುತ್ತ. "ಇವತ್ತು ಹೋದ್ರು. ನಾನೇ ಕಳಿಸಿ ಬಂದೆ."