ಫೋನಿನಲ್ಲಿ ಎಣಿಸಿದ ಉಸಿರು

ಹೊಳೆನರಸೀಪುರದಲ್ಲಿ ನನಗೆ ಜೋರು ಡಾಕ್ಟರು ಅಂತಲೇ ಹೆಸರು. ಹೇಳಿದ ಮಾತ್ರೆ ನುಂಗದೆ ಬಂದವರಿಗೆ ಬೈದು ಬೆವರಿಳಿಸುತ್ತಿದ್ದೆ. ಅವರೂ ಬೈಸಿಕೊಂಡು, ನಗುತ್ತಲೇ ಮನೆಗೆ ಹೋಗುತ್ತಿದ್ದರು. ೨೦೦೯ರ ಮಳೆಗಾಲದಲ್ಲಿ ಹಂದಿಜ್ವರ ಬಂದಾಗ ನನ್ನ ಕ್ಲಿನಿಕ್ಕಿನ ಬಾಗಿಲಿಗೆ ಬೋರ್ಡು ತೂಗುಹಾಕಿದೆ: ಜ್ವರ, ಕೆಮ್ಮು ಇರುವವರು ಒಳಗೆ ಬರಬೇಡಿ, ಮೊದಲು ಫೋನ್ ಮಾಡಿ. ಮನೆಯಲ್ಲಿ ಹೆಂಡತಿಗೆ ಆಸ್ತಮಾ. ನನಗೂ ಹೆದರಿಕೆ ಇತ್ತು, ಸುಳ್ಳೇಕೆ ಹೇಳಲಿ.

ಫೋನಿನಲ್ಲಿ ನಾಡಿ ಹಿಡಿಯಲಾಗುತ್ತದೆಯೇ? ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಾರೆ ಎಣಿಸಿ ಹೇಳಿ ಅಂದರೆ ಜನ ಬಾಯಿಗೆ ಬಂದದ್ದು ಹೇಳೋರು. ಒಬ್ಬ ಮಹಾರಾಯ ನೂರಾ ಇಪ್ಪತ್ತು ಅಂದ. ತಲೆ ಕೆಟ್ಟುಹೋಗಿ ನಾನೇ ಒಂದು ಉಪಾಯ ಮಾಡಿದೆ. ಫೋನನ್ನು ರೋಗಿಯ ಮೂಗಿನ ಹತ್ತಿರ ಹಿಡಿಯಬೇಕು, ಒಂದು ನಿಮಿಷ ಯಾರೂ ಮಾತಾಡಕೂಡದು, ಗಡಿಯಾರ ನೋಡಿಕೊಂಡು ನಾನೇ ಎಣಿಸುತ್ತೇನೆ. ನನ್ನ ಕಿವಿಯ ಮೇಲೆ ನನಗೆ ಬಲು ಜಂಬವಿತ್ತು.

ಹಳೇಕೋಟೆಯಿಂದ ಒಬ್ಬ ತಾಯಿ ಫೋನ್ ಮಾಡಿದಳು. ಮನೆಯಲ್ಲಿ ಅವಳೂ ಮಗಳೂ ಇಬ್ಬರೇ. ಹಾಸನಕ್ಕೆ ಹೊಲಿಗೆ ಕೆಲಸಕ್ಕೆ ಹೋಗಿ ಬರುತ್ತಿದ್ದ ಇಪ್ಪತ್ತರ ಹುಡುಗಿ, ಎರಡು ದಿನದಿಂದ ಜ್ವರ. ಫೋನ್ ಹಿಡಿಸಿ ಎಣಿಸಿದೆ. ಇಪ್ಪತ್ತಾರು ಬಂತು.

"ಮೂವತ್ತು ದಾಟಿದರೆ ನಾನು ನೋಡೋಲ್ಲ ಕಣಮ್ಮ, ಸೀದಾ ಹಾಸನದ ದೊಡ್ಡಾಸ್ಪತ್ರೆಗೆ ಸೇರಿಸೋದೇ" ಅಂದೆ.

"ಅಲ್ಗೆ ಮಾತ್ರ ಬ್ಯಾಡಿ ಸಾ! ಅಲ್ಲಿಗೋದೋರು ಪ್ಲಾಸ್ಟಿಕ್ ಸುತ್ಕಂಡೇ ಆಚೆ ಬರೋದಂತೆ. ಮಖ ನೋಡಕ್ಕೂ ಬುಡಕಿಲ್ವಂತೆ."

"ಯಾವನಮ್ಮ ಹೇಳಿದ್ದು ನಿನಗೆ? ಕಂಡೋರ ಮಾತು ಕೇಳಬೇಡ. ನಾಳೆ ಇದೇ ಹೊತ್ತಿಗೆ ಮಾಡು."

ಮಾರನೆಯ ದಿನ ಹದಿನೆಂಟು ಬಂತು. ಶುದ್ಧವಾದ, ನಿಧಾನವಾದ ಉಸಿರು, ನಡುವೆ ಒಂದು ಕೆಮ್ಮಿಲ್ಲ. ನನಗೆ ಖುಷಿಯೋ ಖುಷಿ. "ಭೇಷ್! ನಿನ್ನ ಮಗಳು ವಾಸಿಯಾಗ್ತಿದಾಳೆ" ಅಂದೆ. ಅವಳ ಕೈಗೆ ಕೊಡು, ಎರಡು ಮಾತಾಡ್ತೀನಿ ಅಂದರೆ "ಮಲ್ಗವ್ಳೆ ಸಾ" ಅಂದಳು. ಮಲಗಲಿ ಬಿಡು ಅಂದುಕೊಂಡೆ.

ಮೂರನೆಯ ದಿನವೂ ಹದಿನೆಂಟು. ಆದರೆ ಆ ಉಸಿರಿನ ಹಿಂದೆ, ಸ್ವಲ್ಪ ದೂರದಲ್ಲಿ, ಇನ್ನೊಂದು ಸದ್ದಿತ್ತು. ಹಹ್ ಹಹ್ ಹಹ್ ಅಂತ ಬಿಡುವಿಲ್ಲದೆ ಏದುತ್ತಿತ್ತು. ನನ್ನ ಎಣಿಕೆ ತಪ್ಪಿಹೋಯಿತು, ರೇಗಿತು. "ಏನಮ್ಮ, ಕಾಯಿಲೆ ಮನೆಯೊಳಗೆ ನಾಯಿ ಬಿಟ್ಕೊಂಡಿದೀಯಾ? ಮೊದಲು ಅದನ್ನ ಆಚೆಗೆ ಓಡಿಸು!"

ಆ ಕಡೆ ಹೆಜ್ಜೆ ಸಪ್ಪಳ, ಬಾಗಿಲು ಎಳೆದುಕೊಂಡ ಸದ್ದು. ಏದುಸಿರು ನಿಂತಿತು. "ಓಡಿಸ್ದೆ ಸಾ" ಅಂದಳು. ಮತ್ತೆ ಎಣಿಸಿ, ಸರಿಯಾಗಿದೆ ಅಂತ ಹೇಳಿ ಇಟ್ಟೆ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೊರಟೆ. ಜಿಟಿಜಿಟಿ ಮಳೆ, ಮೈ ನಡುಗಿಸುವ ಥಂಡಿ. ಅಂಗಡಿಗಳ ಜಗಲಿಯ ಮೇಲೆ ನಾಲ್ಕೈದು ಬೀದಿನಾಯಿಗಳು ಮೂತಿಯನ್ನು ಬಾಲದೊಳಗೆ ಹುದುಗಿಸಿಕೊಂಡು ಮಲಗಿದ್ದವು. ಒಂದಾದರೂ ಬಾಯಿ ತೆರೆದಿರಲಿಲ್ಲ. ಇಂಥ ಚಳಿಯಲ್ಲಿ ಯಾವ ನಾಯಿ ತಾನೇ ಏದುತ್ತದೆ?

ಅಲ್ಲಿಂದಲೇ ಮೊಬೈಲಿನಲ್ಲಿ ಫೋನ್ ಮಾಡಿದೆ. "ನಿಮ್ಮ ಮನೇಲಿ ನಾಯಿ ಇದೆಯೇನಮ್ಮ?"

ಅವಳ ಹಿಂದಿನಿಂದ ಮತ್ತೆ ಅದೇ ಸದ್ದು ಕೇಳಿಸಿತು. ಮಳೆಯಲ್ಲಿ ನಿಂತು, ಗಡಿಯಾರ ನೋಡುತ್ತಾ ಎಣಿಸಿದೆ. ಅರ್ಧ ನಿಮಿಷಕ್ಕೆ ಇಪ್ಪತ್ತನಾಲ್ಕು.

"ನಿನ್ನೆಯಿಂದ ನಾನು ಎಣಿಸಿದ್ದು ಯಾರ ಉಸಿರಮ್ಮ?" ಅಂತ ಕೇಳಿದೆ.

"ನಂದು ಸಾ" ಅಂದಳು.

ಕಾರು ತೆಗೆದುಕೊಂಡು ಹಳೇಕೋಟೆಗೆ ಹೋದೆ. ಬೋರ್ಡು, ಹೆದರಿಕೆ, ಒಂದೂ ನೆನಪಿಗೆ ಬರಲಿಲ್ಲ. ಒಳಕೋಣೆಯಲ್ಲಿ ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ತುಟಿ ನೇರಳೆಹಣ್ಣು ತಿಂದಂತೆ ಕಪ್ಪಾಗಿತ್ತು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಳ್ಳಲು ಹೋದಳು, ಕೈ ಏಳಲಿಲ್ಲ. ಹಾಸನದವರೆಗೂ ಹಿಂದಿನ ಸೀಟಿನಿಂದ ಆ ಏದುಸಿರು ನನ್ನ ಕತ್ತಿಗೆ ತಾಗುತ್ತಲೇ ಇತ್ತು. ನಾನು ಎಣಿಸಲಿಲ್ಲ.

ಆಸ್ಪತ್ರೆಯಲ್ಲಿ ಹುಡುಗಿಯನ್ನು ಒಳಗೆ ಕರೆದುಕೊಂಡರು, ತಾಯಿಯನ್ನು ಬಾಗಿಲಲ್ಲೇ ನಿಲ್ಲಿಸಿದರು. ಮಾರನೆಯ ದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಹುಡುಗಿ ತೀರಿಕೊಂಡಿದ್ದಳು. ವಿಷಯ ಇನ್ನೂ ತಾಯಿಗೆ ತಿಳಿಸಿರಲಿಲ್ಲ, ನೀವೇ ಹೇಳಿಬಿಡಿ ಸಾರ್ ಅಂತ ಅಲ್ಲಿನ ನರ್ಸುಗಳು ಅಂದರು. ಬೆಂಚಿನ ಮೇಲೆ ಕೂತಿದ್ದವಳಿಗೆ ಹೇಳಿದೆ. ಅವಳು ಅಳಲಿಲ್ಲ. ಅಳದೆ ಕೂತದ್ದನ್ನು ಕಂಡು ನನ್ನೊಳಗಿನ ದುಃಖವೆಲ್ಲ ಸಿಟ್ಟಾಗಿ ಉಕ್ಕಿತು. ಇಂದಿಗೂ ನಾಚಿಕೆಯಾಗುತ್ತದೆ, ಅಷ್ಟು ಜನರೆದುರು ಕೂಗಾಡಿಬಿಟ್ಟೆ: "ಸುಳ್ಳು ಹೇಳಿ ಮಗಳನ್ನ ಕೈಯಾರೆ ಕಳಕೊಂಡೆಯಲ್ಲಮ್ಮ! ಯಾಕಮ್ಮ ಹಿಂಗೆ ಮಾಡಿದೆ?"

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಕೋಪವಿರಲಿಲ್ಲ, ಏನೋ ಅರ್ಥವಾಗದವಳ ಮುಖ.

"ಮೊದ್ಲು ಸುಳ್ಳು ಅಂತ್ಲೇ ಮಾಡ್ದೆ ಸಾ. ಆಮ್ಯಾಕೆ ನೀವೇ ಎಣ್ಸಿ, ವಾಸಿಯಾಯ್ತಾವ್ಳೆ ಅಂದ್ರಲ್ಲ. ಡಾಕ್ಟ್ರು ಅಂದ್ಮ್ಯಾಕೆ ದಿಟವೇ ಇರ್ಬೇಕು ಅನ್ಕಂಬುಟ್ಟೆ. ಅವ್ಳು, 'ಆಯ್ತಿಲ್ಲ ಕಣವ್ವ, ಆಸ್ಪತ್ರೆಗೆ ಕರ್ಕೊಂಡೋಗು' ಅಂತ ನನ್ ಕೈ ಹಿಡ್ಕಂಡ್ಳು ಸಾ. 'ಡಾಕ್ಟ್ರು ಸರ್ಯಾಗೇ ಅದೆ ಅಂದವ್ರೆ, ಸುಮ್ಕಿರು' ಅಂತ ನಾನೇ ಗದರ್ಕಂಡೆ."