ಅತ್ತೆಯ ಅಡುಗೆಮನೆ ಟಿವಿ

ನಿಮ್ಮ ಮನೆಯಲ್ಲೂ ಹೀಗೇ ಇತ್ತಾ? ಡಿಶ್ ಬಾಕ್ಸು ಒಂದೇ, ಟಿವಿ ಎರಡು. ಚಾವಡಿಯಲ್ಲಿ ಹೊಸದು, ಒಳಗೆಲ್ಲೋ ಹಳೆಯದು. ನಡುವೆ ಗೋಡೆ ಕೊರೆದು ಎಳೆದ ಕರಿ ವಯರು. ಚಾವಡಿಯಲ್ಲಿ ರಿಮೋಟು ಹಿಡಿದವರು ಏನು ಹಾಕುತ್ತಾರೋ ಒಳಗಿನವರಿಗೂ ಅದೇ ಗತಿ. ಹಾಗಿದ್ದರೆ ನಿಮಗೆ ನಮ್ಮ ಅತ್ತೆ ಥಟ್ಟನೆ ಅರ್ಥವಾಗುತ್ತಾರೆ.

ಅತ್ತೆ ಅಂದರೆ ನನಗೆ ಮೊದಲು ಕಣ್ಣ ಮುಂದೆ ಬರುವುದು ಅವರ ಮುಂಗೈ. ಎಷ್ಟು ತಿಕ್ಕಿ ತೊಳೆದರೂ ಒಂದೆರಡು ಮೀನಿನ ಹುರುಪೆ ಅಲ್ಲಿ ಅಂಟಿಕೊಂಡೇ ಇರುತ್ತಿದ್ದವು. ಅಡುಗೆಮನೆಯ ಲೈಟು ಆರಿಸಿ ಟಿವಿ ಮುಂದೆ ಕೂತರೆ ಆ ಹುರುಪೆಗಳು ಒಮ್ಮೆ ನೀಲಿ, ಒಮ್ಮೆ ಕೆಂಪು ಮಿನುಗುತ್ತಿದ್ದವು. ಟಿವಿಯಲ್ಲಿ ಏನು ನಡೆಯುತ್ತಿದೆ ಅಂತ ಅವರ ಕೈ ನೋಡಿಯೇ ಹೇಳಬಹುದು ಅಂತ ನನ್ನ ಮಗಳು ನಗುತ್ತಿದ್ದಳು.

ನಮ್ಮದು ಕಡಲ ದಂಡೆಯ ಉಪ್ಪುಂದ. ನನ್ನ ಗಂಡ ಗಂಗೊಳ್ಳಿ ಬಂದರಿನಿಂದ ಮೀನಿನ ಬೋಟಿಗೆ ಹೋಗುವವರು. ಅತ್ತೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವರು. ಮಾವನನ್ನು ನಾನು ನೋಡಿಲ್ಲ. ನಾನು ಮದುವೆಯಾಗಿ ಬರುವ ಮೊದಲೇ ಅವರು ಕಡಲಿಗೆ ಹೋದವರು ವಾಪಸು ಬಂದಿರಲಿಲ್ಲ.

ಹೊಸ ಟಿವಿ, ಡಿಶ್ಶು ಒಟ್ಟಿಗೇ ಬಂದ ದಿನ ಹಳೆಯ ಟಿವಿಯನ್ನು ಗುಜರಿ ಗಾಡಿಗೆ ಏರಿಸಿಯಾಗಿತ್ತು. ಮೀನು ಮುಗಿಸಿ ಬಂದ ಅತ್ತೆ ಬುಟ್ಟಿ ಇಳಿಸುವ ಮೊದಲು ಗಾಡಿಯಿಂದ ಟಿವಿ ಇಳಿಸಿದರು.

"ಇದ್ಕ್ ಎಂತ ಆಯ್ತ್? ನನ್ಕಿಂತ ಗಟ್ಟಿ ಇತ್ತ್. ಹಂಗಾರೆ ನನ್ನೂ ಗಾಡಿಗ್ ಹಾಕಿ!"

ಚಾವಡಿಯಲ್ಲೇ ಕೂತು ನೋಡಿ ಅಂದರೆ ಒಪ್ಪಲಿಲ್ಲ. "ನನ್ ಮೈಯೆಲ್ಲ ಮೀನ್ ವಾಸ್ನಿ. ಆ ಸೋಫಾದ್ ಮೇಲೆ ನಾ ಕೂತ್ರೆ ನಾಳೆ ಊರ್ ಬೆಕ್ಕೆಲ್ಲ ಬಂದ್ ಕೂಕಂತೊ." ಹಾಗೆ ಹಳೆಯ ಟಿವಿ ಅಡುಗೆಮನೆ ಸೇರಿತು, ಗೋಡೆಗೆ ತೂತು ಬಿತ್ತು.

ಆಮೇಲೆ ಶುರುವಾಯಿತು ನೋಡಿ ದಿನಾ ಜಗಳ. ಅತ್ತೆಯ ಧಾರಾವಾಹಿಯಲ್ಲಿ ಇನ್ನೇನು ತಾಳಿ ಕಟ್ಟಬೇಕು, ಅಷ್ಟರಲ್ಲಿ ಚಾವಡಿಯಲ್ಲಿ ಮಗಳು ಇಲಿ ಬೆಕ್ಕಿನ ಕಾರ್ಟೂನು ಹಾಕಿಬಿಡುವಳು. ಅಡುಗೆಮನೆಯಿಂದ ಗೋಡೆಗೆ ಸೌಟಿನ ಬಡಿತ.

"ಹ್ವಾಯ್! ತಾಳಿ ಕಟ್ಟುಕ್ ಹೊರ್ಟವ ಎಲ್ಲಿಗ್ ಹೋದ? ಇಲ್ಲಿ ಎಲಿ ಓಡ್ತಾ ಇತ್ತಲೆ!"

"ಅಜ್ಜೀ, ಆ ಮದಿ ನಾಳೆಯೂ ಮುಗಿತಿಲ್ಲೆ, ಸುಮ್ನಿರಿ!"

"ಇರ್ಲಿ, ನಿನ್ ಮದಿ ದಿನ ಮಂಟಪದಗೆ ಹಿಂಗೇ ಎಲಿ ಬಿಡ್ತೆ, ಕಾಣ್!"

ಆದರೆ ಅತ್ತೆಯ ಮಗ, ಅಂದರೆ ನನ್ನ ಗಂಡ, ಕಡಲಲ್ಲಿರುವ ದಿನಗಳಲ್ಲಿ ಈ ತಮಾಷೆ ಇಲ್ಲ. ಆ ದಿನಗಳಿಗೆ ಮನೆಯಲ್ಲಿ ಒಂದು ಕಟ್ಟುನಿಟ್ಟು: ಚಾವಡಿಯ ಟಿವಿ ಬೇಕಾದರೆ ಆರಿಸಿ, ಬಾಕ್ಸು ಆರಿಸುವ ಹಾಗಿಲ್ಲ. ಬಾಕ್ಸು ಆರಿದರೆ ಅಡುಗೆಮನೆಯ ಚಿತ್ರ ಹೋಗುತ್ತದೆ. ಯಾವ ಚಾನೆಲ್ಲಾದರೂ ಅತ್ತೆಗೆ ನಡೆಯುತ್ತಿತ್ತು. ಚಿತ್ರ ಇರಬೇಕು, ಅಷ್ಟೇ. ಹಿತ್ತಲಿನಿಂದ ಒಳಗೆ ಬಂದರೆ ಮೊದಲ ಪ್ರಶ್ನೆ, "ಚಿತ್ರ ಇತ್ತಾ?"

ಯಾಕೆಂದರೆ ತಾರಸಿ ಮೇಲಿನ ಡಿಶ್ಶು ಕಡಲನ್ನೇ ನೋಡುತ್ತಿರುತ್ತದೆ ಅಂತ ಅವರು ತಮ್ಮಷ್ಟಕ್ಕೆ ತೀರ್ಮಾನಿಸಿದ್ದರು. ಜೋರು ಮಳೆಗೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದಲ್ಲ, ಆಗ ಅವರ ಮುಖ ಕಪ್ಪಿಡುತ್ತಿತ್ತು. ಚಿತ್ರ ಚೊಕ್ಕ ಇದ್ದರೆ ಕಡಲೂ ಶಾಂತ, ಮಗನೂ ಕ್ಷೇಮ. "ಅಷ್ಟ್ ದೊಡ್ ಬಾಯಿ ತೆಕ್ಕಂಡ್ ಕೂಕಂಡದ್ದ್ ಕಡ್ಲ್ ಬಿಟ್ ಬೇರೆ ಎಂತ ಕಾಂತ್?" ಅನ್ನುವರು. ಮೊಣಕಾಲು ನೋವಿಗೆ ಅವರು ತಾರಸಿ ಹತ್ತಿದವರಲ್ಲ. ಬಟ್ಟೆ ಒಣಗಿಸಲು ದಿನಾ ಹತ್ತುತ್ತಿದ್ದ ನಾನೂ ಅದರ ಮುಖ ಯಾವ ಕಡೆಗಿದೆ ಅಂತ ಗಮನಿಸಿದವಳಲ್ಲ.

ಒಂದು ವರ್ಷ, ಮಳೆಗಾಲಕ್ಕೆ ಬೋಟು ದಡಕ್ಕೆ ಹತ್ತಿಸಲು ಇನ್ನೇನು ಸ್ವಲ್ಪ ದಿನ ಇದೆ ಅನ್ನುವಾಗ, ಮಧ್ಯಾಹ್ನ ಇದ್ದಕ್ಕಿದ್ದಂತೆ ಕಪ್ಪಾಯಿತು. ಗಾಳಿಗೆ ತೆಂಗಿನ ಮಡಲು ಅಂಗಳಕ್ಕೆ ಬಂದು ಬಿತ್ತು. ಟಿವಿಯಲ್ಲಿ ವಾರ್ತೆ. ಕೆಳಗೆ ಓಡುವ ಸಾಲಿನಲ್ಲಿ ಮೀನುಗಾರರು ಅಂತ ಏನೋ ಬಂತು, ಓದುವಷ್ಟರಲ್ಲಿ ಚಿತ್ರ ಒಡೆದು, ನಿಂತು, ಎರಡೂ ಟಿವಿ ನೀಲಿಯಾದವು.

"ಚಿತ್ರ ಹೋಯ್ತ್," ಅಂದರು ಅತ್ತೆ.

ಕಡಲಲ್ಲಿದ್ದ ಗಂಡನಿಗೆ ಫೋನು ಹಚ್ಚಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಅಂತ ಅದೇ ಹೆಂಗಸಿನ ದನಿ. ಮತ್ತೆ ಹಚ್ಚಿದೆ. ಮತ್ತೆ ಅದೇ. ಅತ್ತೆ ನೀಲಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಸುಮ್ಮನೆ ಕೂತಿರಲು ಆಗದೆ ನಾನು ತಾರಸಿಗೆ ಓಡಿದೆ. ಡಿಶ್ಶು ಗಾಳಿಗೆ ತಿರುಗಿರಬಹುದು, ಸರಿ ಮಾಡಿದರೆ ಆ ಸಾಲನ್ನಾದರೂ ಓದಬಹುದು ಅನ್ನುವ ಆಸೆ.

"ಬಂತಾ?" ಮೇಲಿನಿಂದ ಕೂಗಿದೆ.

"ಇಲ್ಲೆ!" ಕಿಟಕಿಯಿಂದ ಅತ್ತೆ.

"ಈಗ?"

"ಇಲ್ಲೆ ಹೆಣೆ, ಇಳಿ! ಸಿಡ್ಲ್ ಹೊಡಿತ್!"

ಇಳಿಯುವ ಮೊದಲು ನನಗೆ ಹೊಳೆಯಿತು. ಮುಖಕ್ಕೆ ರಾಚುತ್ತಿದ್ದ ಗಾಳಿ ಕಡಲ ಕಡೆಯದು. ಡಿಶ್ಶು ಆ ಗಾಳಿಗೆ ಬೆನ್ನು ಕೊಟ್ಟು ನಿಂತಿತ್ತು. ಗಾಳಿಗೆ ತಿರುಗಿದ್ದಲ್ಲ, ಬೋಲ್ಟು ಬಿಗಿಯಾಗಿಯೇ ಇತ್ತು. ಮೊದಲಿನಿಂದಲೂ ಅದರ ಮುಖ ಮೂಡು ದಿಕ್ಕಿನ ಗುಡ್ಡದ ಕಡೆಗೆ.

ಖುಷಿಯಲ್ಲಿ ಒದ್ದೆಮುದ್ದೆಯಾಗಿ ಇಳಿದು ಬಂದೆ. "ಅತ್ತೆ, ಅದ್ ಕಡ್ಲ್ ಕಾಂಬುದೇ ಅಲ್ಲ! ಅದ್ರ ಬೆನ್ನ್ ಕಡ್ಲಿಗೆ, ಮುಖ ಗುಡ್ಡಿ ಬದಿಗೆ. ಚಿತ್ರ ಹೋದದ್ದ್ ಗುಡ್ಡಿ ಮೇಲಿನ ಮಳಿಯಿಂದ. ನೀವ್ ಹೆದ್ರುದ್ ಎಂತಕೆ?"

"ಹೌದಾ?" ಅಂದರು. ಸೆರಗಿನಿಂದ ನನ್ನ ತಲೆ ಒರೆಸಿದರು. ಒರೆಸುತ್ತಿದ್ದ ಕೈ ಅಲ್ಲೇ ನಿಂತಿತು.

"ಹಂಗಾರೆ, ಚಿತ್ರ ಚೊಕ್ಕ ಇದ್ದ ದಿನ ಕಡ್ಲ್ ಹ್ಯಾಂಗಿತ್ತ್ ಅಂದೇಳಿ ನಮ್ಗೆ ಗೊತ್ತೇ ಇರ್ಲಿಲ್ಲೆ, ಅಲ್ದಾ?"

ಧೈರ್ಯ ಹೇಳಲು ಹೋಗಿ ಅವರಿಗಿದ್ದ ಒಂದೇ ಒಂದು ಧೈರ್ಯವನ್ನು ಕಿತ್ತುಕೊಂಡ ಹಾಗಾಗಿತ್ತು. ಫೋನು ತೆಗೆದು ಮತ್ತೆ ಮತ್ತೆ ಹಚ್ಚತೊಡಗಿದೆ. ಅತ್ತೆ ನನ್ನ ರಟ್ಟೆ ಹಿಡಿದು ಒಲೆಯ ಮುಂದೆ ತಂದು ನಿಲ್ಲಿಸಿದರು.

"ಅಕ್ಕಿ ತೊಳಿ. ನೀ ಹೆದ್ರುಕಾಗ. ಹೆದ್ರು ಕೆಲ್ಸ ನಂದ್. ಇಬ್ರೂ ಹೆದ್ರಿರೆ ಮಗಿಗ್ ಅನ್ನ ಮಾಡುದ್ ಯಾರ್?"

ನಾನು ಅಕ್ಕಿ ತೊಳೆದೆ. ಅವರು ನೀಲಿ ಪರದೆಯ ಮುಂದೆ ಮಣೆ ಹಾಕಿಕೊಂಡು ಕೂತರು. ಕೈಯ ಹುರುಪೆಗಳೂ ನೀಲಿಯಾಗಿದ್ದವು. ಮಗಳು ಉಂಡಳು, ಮಲಗಿದಳು. ಅತ್ತೆ ಮಾತ್ರ ಆ ಮಣೆ ಬಿಟ್ಟು ಏಳಲಿಲ್ಲ.

ಬೆಳಿಗ್ಗೆ ಯಾರದೋ ನಂಬರಿನಿಂದ ಫೋನು ಬಂತು. ಗಂಡನ ದನಿ. ಗಾಳಿ ಏಳುತ್ತಲೇ ಬೋಟನ್ನು ಭಟ್ಕಳ ಬಂದರಿಗೆ ನುಗ್ಗಿಸಿದ್ದರಂತೆ. ನಾನು ಅಳುತ್ತಾ ಫೋನನ್ನು ಅತ್ತೆಗೆ ಕೊಟ್ಟೆ. "ಊಟ ಆಯ್ತಾ?" ಅಂತ ಕೇಳಿದರು, ಅಷ್ಟೇ. ಆಮೇಲೆ ಟಿವಿ ಆರಿಸಿ ಅಲ್ಲೇ ನೆಲದ ಮೇಲೆ ಮಗ್ಗುಲಾದರು.

ಅಲ್ಲಿಂದ ಮುಂದೆ "ಚಿತ್ರ ಇತ್ತಾ" ಅಂತ ಅವರು ಕೇಳಿದ್ದಿಲ್ಲ. ಮಗ ಕಡಲಲ್ಲಿದ್ದರೆ ಕೈಕಾಲು ತೊಳೆದು ಚಾವಡಿಗೆ ಬಂದು, ಸೋಫಾದ ಕೆಳಗೆ ನನ್ನ ಕಾಲ ಹತ್ತಿರ ಕೂರುತ್ತಿದ್ದರು. "ನೀ ಹೆದರ್ತಿಲ್ಲೆ ಅಲ್ದಾ?" ಅನ್ನುವರು. ಇಲ್ಲ ಅನ್ನುತ್ತಿದ್ದೆ. ನಿಜವಾಗಿಯೂ ಇಲ್ಲ. ಅವರು ಅಲ್ಲಿ ಕೂತಿದ್ದಾರಲ್ಲ.

ಅತ್ತೆ ಹೋದದ್ದು ಒಂದು ಚಳಿಗಾಲದ ಬೆಳಿಗ್ಗೆ. ಬಂಗುಡೆ ಮೀನು ಹೆಚ್ಚುತ್ತಾ ಕೂತವರು ಎದೆ ಹಿಡಿದುಕೊಂಡು ಗೋಡೆಗೆ ಒರಗಿದರು. ಮೋಡದ ಚೂರೂ ಇರಲಿಲ್ಲ. ಎರಡೂ ಟಿವಿಯಲ್ಲಿ ಚಿತ್ರ ಚೊಕ್ಕವಾಗಿ ಬರುತ್ತಿತ್ತು. ಗಂಡ ಕಡಲಲ್ಲಿದ್ದರು, ಫೋನು ಹೋಗುತ್ತಿರಲಿಲ್ಲ. ಅವರು ದಡಕ್ಕೆ ಬರುವವರೆಗೆ ಕಾದೆವು. ಅಷ್ಟು ಹೊತ್ತೂ ಹೆದರಲು ಮನೆಯಲ್ಲಿ ನನ್ನ ಬಿಟ್ಟು ಬೇರೆ ಯಾರೂ ಇರಲಿಲ್ಲ. ಇಷ್ಟು ವರ್ಷ ಅತ್ತೆ ಹೊತ್ತದ್ದು ಎಷ್ಟು ಭಾರ ಅಂತ ಅವತ್ತು ಗೊತ್ತಾಯಿತು.

ಅಡುಗೆಮನೆಯ ಟಿವಿ ಈಗ ಇಲ್ಲ. ಗೋಡೆಯ ತೂತಿನಲ್ಲಿ ಕರಿ ವಯರು ಹಾಗೇ ಇದೆ. ಗಂಡ ಈಗಲೂ ಬೋಟಿಗೆ ಹೋಗುತ್ತಾರೆ. ಡಿಶ್ಶಿನ ಬೆನ್ನು ಕಡಲಿಗೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಮಳೆಗೆ ಚಿತ್ರ ಒಡೆದರೆ ಎದೆ ಧಸಕ್ಕೆನ್ನುತ್ತದೆ. ಮೊನ್ನೆ ಮಗಳು ನನ್ನ ಮುಖ ನೋಡಿ ಕೇಳಿದಳು, "ಅಮ್ಮ, ಹೆದ್ರಿಕೆ ಆತಾ?"

"ನೀ ಓದ್ಕೊ," ಅಂದೆ. "ಅದ್ ನನ್ ಕೆಲ್ಸ."

ನಿಮ್ಮ ಮನೆಯಲ್ಲಿ ಎಲ್ಲರ ಪರವಾಗಿ ಹೆದರುವ ಕೆಲಸ ಯಾರದಾಗಿತ್ತು? ಅವರು ಎಲ್ಲಿ ಕೂರುತ್ತಿದ್ದರು, ಏನು ನೋಡುತ್ತಿದ್ದರು? ಕೆಳಗೆ ಬರೀರಿ. ಒಂದೂ ಬಿಡದೆ ಓದುತ್ತೇನೆ.